ಎಂಬತ್ತು ಸಾಕು

ನಮ್ಮ ಮನೆಯಲ್ಲಿ ಕೋಟಿಯ ಲೆಕ್ಕ ಬರುವುದು ಒಂದೇ ಕಡೆ, ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ. ಲಿನಕ್ಸ್ ಇರುವ ಯಂತ್ರದಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ‘ಸಿಸ್’ ಎಂಬ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಪವರ್ ಸಪ್ಲೈ’, ಅದರೊಳಗೆ ‘ಬ್ಯಾಟ್ ಸೊನ್ನೆ’ ಎಂದು ಇಳಿಯುತ್ತ ಹೋದರೆ ಬ್ಯಾಟರಿಯ ಇಡೀ ಜಾತಕ ಸಣ್ಣ ಸಣ್ಣ ಫೈಲುಗಳಲ್ಲಿ ಸಿಗುತ್ತದೆ. ಫೈಲಿನ ಹೆಸರಿನ ಮುಂದೆ ‘ಕ್ಯಾಟ್’ ಎಂದು ಟೈಪ್ ಮಾಡಿದರೆ ಸಾಕು, ಒಳಗಿರುವುದನ್ನು ಒದರಿಬಿಡುತ್ತದೆ. ‘ಎನರ್ಜಿ ಫುಲ್ ಡಿಸೈನ್’, ಅಂದರೆ ಕಾರ್ಖಾನೆಯಿಂದ ಹೊರಬಂದಾಗ ಹಿಡಿಯಬೇಕಾಗಿದ್ದದ್ದು, 5 ಕೋಟಿ 70 ಲಕ್ಷ. ‘ಎನರ್ಜಿ ಫುಲ್’, ಅಂದರೆ ಈಗ ಹಿಡಿಯುತ್ತಿರುವುದು, 4 ಕೋಟಿ 10 ಲಕ್ಷ. ನಡುವಿನ 1 ಕೋಟಿ 60 ಲಕ್ಷ ಎಲ್ಲಿ ಹೋಯಿತೆಂದು ಕೇಳಲು ಲೋಕಾಯುಕ್ತಕ್ಕೆ ಹೋಗುವಂತಿಲ್ಲ. ಲೆಕ್ಕವೆಲ್ಲ ಮೈಕ್ರೋವ್ಯಾಟ್-ಅವರ್‌ನಲ್ಲಿದೆ. ಆರು ಸೊನ್ನೆ ಒರೆಸಿದರೆ ಉಳಿಯುವುದು ಬರೀ 57 ಮತ್ತು 41 ವ್ಯಾಟ್-ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ಹಾಗಾಗಿ ನನ್ನ ಈ ಕೋಟ್ಯಧೀಶನನ್ನು ಖಾಲಿಯಿಂದ ಪೂರ್ತಿ ತುಂಬಿಸಿದರೂ ಅರ್ಧ ರೂಪಾಯಿ ಖರ್ಚಾಗುವುದಿಲ್ಲ.

ಈ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡಾಗಿ ತಂದು ಲಿನಕ್ಸ್ ಹಾಕಿಕೊಟ್ಟವನು ನನ್ನ ಮಗ. ಹಾಕಿಕೊಟ್ಟು ಹಾಸ್ಟೆಲಿಗೆ ಹೋಗಿಬಿಟ್ಟ. ಪ್ರೂಫ್ ನೋಡುವುದು ನನ್ನ ಕಸುಬು. ಒಂದು ಅಕ್ಷರ ತಪ್ಪಿದರೂ ಮುಂದಕ್ಕೆ ಬಿಡದ ಟರ್ಮಿನಲ್ಲಿಗೂ ನನಗೂ ಬೇಗ ಹೊಂದಿಕೆಯಾಯಿತು. ಮೌಸ್ ಹಿಡಿದು ‘ಸೆಟಿಂಗ್ಸ್’ ಹುಡುಕುವವರಿಗೆ ಬ್ಯಾಟರಿಯ ಬಗ್ಗೆ ಹೆಚ್ಚಾಗಿ ಸಿಗುವುದು ಒಂದು ಹಸಿರು ಚಿತ್ರ, ಒಂದು ಶೇಕಡಾವಾರು, ಅಷ್ಟೇ. ಟರ್ಮಿನಲ್ಲಿನಲ್ಲಿ ಈ ಗಳಿಗೆಗೆ ಎಷ್ಟು ವ್ಯಾಟ್ ಹೀರುತ್ತಿದೆ ಎನ್ನುವುದೂ ಕಾಣುತ್ತದೆ. ಸುಮ್ಮನೆ ಅಕ್ಷರ ನೋಡುತ್ತ ಕೂತಾಗ ಆರು ವ್ಯಾಟ್ ಇದ್ದದ್ದು, ನಮ್ಮೆಜಮಾನರು ಬಂದು ಒಂದು ಹಳೇ ಸಿನಿಮಾ ಹಾಡು ಹಾಕಿದ ಕೂಡಲೇ ಹದಿನೈದಕ್ಕೆ ಜಿಗಿಯುತ್ತದೆ. ಮನೆಯಲ್ಲಿ ಯಾರಿಂದ ಎಷ್ಟು ಖರ್ಚು ಎಂದು ಇಷ್ಟು ನಿಷ್ಠುರವಾಗಿ ಹೇಳುವ ಸಾಧನವನ್ನು ನಾನು ಬೇರೆ ಕಂಡಿಲ್ಲ.

ಅದೇ ಫೋಲ್ಡರಿನಲ್ಲಿ ‘ಚಾರ್ಜ್ ಕಂಟ್ರೋಲ್ ಎಂಡ್ ಥ್ರೆಶೋಲ್ಡ್’ ಎಂಬ ಮಾರುದ್ದ ಹೆಸರಿನ ಇನ್ನೊಂದು ಫೈಲಿದೆ. ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇರುವುದಿಲ್ಲ; ನನ್ನದರಲ್ಲಿದೆ. ಅದರಲ್ಲಿ 80 ಎಂದು ಬರೆದರೆ, ಪ್ಲಗ್ ಹಾಕಿಯೇ ಇದ್ದರೂ ಎಂಬತ್ತಕ್ಕೆ ಬ್ಯಾಟರಿ ಬಾಯಿ ಮುಚ್ಚುತ್ತದೆ. ಬರೆಯುವುದರಲ್ಲೇ ಇರುವುದು ಸ್ವಾರಸ್ಯ. ಸಾಮಾನ್ಯ ಬಳಕೆದಾರರಿಗೆ ಈ ಫೈಲು ಮುಟ್ಟುವ ಅಧಿಕಾರವಿಲ್ಲ, ‘ಸುಡೋ’ ಎಂದು ಹೇಳಿ ಯಜಮಾನಿಕೆ ತೆಗೆದುಕೊಳ್ಳಬೇಕು. ಸರಿ ಎಂದು ‘ಸುಡೋ ಎಕೋ 80’ ಬರೆದು, ಬಾಣದ ಗುರುತು ಹಾಕಿ, ಫೈಲಿನ ಹೆಸರು ಕೊಟ್ಟರೆ ಆಗಲೂ ‘ಪರ್ಮಿಶನ್ ಡಿನೈಡ್’! ಸಾಹೇಬರ ಸಹಿಯೇನೋ ಬಿದ್ದಿದೆ, ಆದರೆ ಬೀರುವಿನ ಬೀಗ ತೆಗೆಯಬೇಕಾದ ಜವಾನನಿಗೆ ಆದೇಶ ಬಂದಿಲ್ಲ. ಸುಡೋ ಕೊಟ್ಟ ಅಧಿಕಾರವೆಲ್ಲ 80 ಎಂದು ಒಪ್ಪಿಸುವ ಎಕೋಗೆ ಹೋಗುತ್ತದೆ. ನಮ್ಮ ಆಜ್ಞೆಗಳನ್ನು ಓದಿ ನಡೆಸುವ, ಬಾಣ ಕಂಡು ಫೈಲು ತೆರೆಯಲು ಹೋಗುವ ಶೆಲ್ ಮಾತ್ರ ಬಡ ಬಳಕೆದಾರನಾಗಿಯೇ ಉಳಿದಿರುತ್ತದೆ. ಅದಕ್ಕೇ ಬಲ್ಲವರು ‘ಎಕೋ 80’ ಅನ್ನು ಪೈಪಿನ ಮೂಲಕ ‘ಸುಡೋ ಟೀ’ಗೆ ದಾಟಿಸುತ್ತಾರೆ; ಆಗ ಫೈಲು ತೆರೆದು ಬರೆಯುವ ಟೀಗೇ ಅಧಿಕಾರ ಸಿಗುತ್ತದೆ. ಕಚೇರಿಗಳಲ್ಲಿ ಕೆಲಸ ಮಾಡಿಸಿ ಗೊತ್ತಿರುವವರಿಗೆ ಇದು ತಾನಾಗಿಯೇ ಹೊಳೆಯಬೇಕು. ಇಷ್ಟೆಲ್ಲ ಬೇಡ ಎನ್ನುವವರಿಗೆ ಟಿಎಲ್‌ಪಿ ಎಂಬ ತಂತ್ರಾಂಶವಿದೆ. ಅದರ ಕಡತದಲ್ಲಿ ಒಂದು ಸಲ ಎಪ್ಪತ್ತೈದಕ್ಕೆ ಶುರು, ಎಂಬತ್ತಕ್ಕೆ ನಿಲುಗಡೆ ಎಂದು ಬರೆದಿಟ್ಟರೆ ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ.

ಇಲ್ಲಿಯವರೆಗೆ ಎಲ್ಲವೂ ನನಗೂ ಯಂತ್ರಕ್ಕೂ ಸಂಬಂಧಪಟ್ಟದ್ದು. ಆಮೇಲೆ ಮಾವನವರು ನೋಡಿದರು.

ಮಾವನವರು ಸರ್ಕಾರಿ ಬಸ್ ಡಿಪೋದ ಬ್ಯಾಟರಿ ಸೆಕ್ಷನ್ನಿನಲ್ಲಿ ಸರ್ವಿಸ್ ಮುಗಿಸಿದವರು. ಆಗಿನ್ನೂ ಎಂಬತ್ತರ ಹೊಸ್ತಿಲಲ್ಲಿದ್ದರು. ಪರದೆಯ ಮೇಲೆ ‘79, ನಾಟ್ ಚಾರ್ಜಿಂಗ್’ ಎಂದು ಕಂಡಿದ್ದೇ ತಡ, ಕನ್ನಡಕ ಏರಿಸಿ ಪ್ಲಗ್ಗನ್ನು ಒಂದು ಸಲ ಅಲ್ಲಾಡಿಸಿದರು. ಒಳಗೆ ಹೋಗಿ ಟೆಸ್ಟರ್ ತಂದು ಸಾಕೆಟ್ಟಿನ ತೂತಿಗಿಟ್ಟು, ಹಿಡಿಯ ತುದಿಗೆ ಬೆರಳೊತ್ತಿದರು. ಕೆಂಪು ದೀಪ ಮಿಣುಕಿತು. ಅಡಾಪ್ಟರಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿದರು.

“ಲೈನ್ ಇದೆ ಕಣಮ್ಮ. ಚಾರ್ಜ್ ಆಗ್ತಿಲ್ಲ. ಅಡಾಪ್ಟರ್ ಹೋಗಿದೆ.”

“ಹೋಗಿಲ್ಲ ಮಾವ, ನಾನೇ ನಿಲ್ಲಿಸಿರೋದು. ಎಂಬತ್ತು ಸಾಕು. ಅದಕ್ಕಿಂತ ಮೇಲೆ ಹೋದ್ರೆ ಸುಮ್ನೆ ತೊಂದರೆ.”

ಕಾಫಿ ತರುತ್ತಿದ್ದ ಅತ್ತೆ ಅಲ್ಲೇ ನಿಂತರು. ಅವರ ಕಿವಿಗೆ ಬಿದ್ದದ್ದು ಕೊನೆಯ ಎರಡು ವಾಕ್ಯ ಮಾತ್ರ.

ಅವರನ್ನು ಸಮಾಧಾನ ಮಾಡುವುದು ಸುಲಭವಿತ್ತು, ಮಾವನವರನ್ನಲ್ಲ. ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಇಡುವುದೆಂದರೆ ಅವರ ಸರ್ವಿಸ್ಸಿನಲ್ಲಿ ಮೆಮೊ ಕೊಡುವಂಥ ತಪ್ಪು. ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬದೆ ನಿಂತರೆ ಪ್ಲೇಟಿಗೆ ಬಿಳೀ ಸಲ್ಫೇಟ್ ಗಟ್ಟಿ ಕೂತು, ಮತ್ತೆ ಏಳುವುದೇ ಇಲ್ಲ. ರಬ್ಬರ್ ಬಲ್ಬಿನ ಹೈಡ್ರೋಮೀಟರಿನಿಂದ ಒಂದೊಂದು ಸೆಲ್ಲಿನ ನೀರು ಹೀರಿ, ತೇಲುಗಡ್ಡಿ 1250 ದಾಟಿದೆಯೇ ಎಂದು ನೋಡಿಯೇ ಅವರು ಬಸ್ಸನ್ನು ರೂಟಿಗೆ ಬಿಡುತ್ತಿದ್ದದ್ದು. ಈಗಲೂ ಮನೆಯ ಯುಪಿಎಸ್‌ಗೆ ಡಿಸ್ಟಿಲ್ಡ್ ವಾಟರ್ ಹಾಕುವ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಯಜಮಾನರದು ಇನ್ನೊಂದು ಪಂಥ. ಮೊದಲ ಮೊಬೈಲ್ ಕೊಂಡಾಗ ಅಂಗಡಿಯವನು ಕಿವಿಯಲ್ಲಿ ಹೇಳಿದ ಮಂತ್ರ ಇನ್ನೂ ಮರೆತಿಲ್ಲ: ಮೊದಲ ಸಲ ಎಂಟು ಗಂಟೆ ಚಾರ್ಜಿಗಿಡಬೇಕು, ಆಮೇಲೆ ಪೂರ್ತಿ ಖಾಲಿಯಾಗುವ ತನಕ ಮುಟ್ಟಬಾರದು. ಅದೂ ಬುರುಡೆಯೇನಲ್ಲ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ನೆನಪಿನ ಕಾಯಿಲೆಯಿತ್ತು. ಅರ್ಧಕ್ಕೇ ತುಂಬಿಸುತ್ತ ಬಂದರೆ ಅಷ್ಟೇ ತನ್ನ ಪಾಲೆಂದು ತಿಳಿದುಬಿಡುತ್ತಿದ್ದವು. ಆ ಬ್ಯಾಟರಿಗಳು ಹೋದವು, ಮಂತ್ರ ಉಳಿಯಿತು.

ನನ್ನದು ಲಿಥಿಯಂ-ಅಯಾನ್. ಅದರ ಒಂದೊಂದು ಸೆಲ್ಲೂ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಆ ಎತ್ತರದಲ್ಲಿ, ಅದೂ ಬಿಸಿಯಲ್ಲಿ, ದಿನಗಟ್ಟಲೆ ನಿಲ್ಲಿಸಿದರೆ ಒಳಗಿನ ರಾಸಾಯನಿಕಗಳು ಬೇಡದ ಉಸಾಬರಿಗೆ ಇಳಿದು ಸಾಮರ್ಥ್ಯ ಕರಗುತ್ತದೆ. ಎಸ್‌.ಪಿ. ರೋಡಿಗೆ ಬರುವ ಮೊದಲು ನನ್ನ ಯಂತ್ರ ಯಾವುದೋ ಆಫೀಸಿನ ಮೇಜಿನಲ್ಲಿ ಹಗಲೂ ರಾತ್ರಿ ನೂರಕ್ಕೆ ನಿಂತಿದ್ದಿರಬೇಕು ಎಂಬುದು ನನ್ನ ಗುಮಾನಿ. ಹೀಗೆ ಒಂದೇ ಸೂರಿನಡಿ ಮೂರು ರಸಾಯನಶಾಸ್ತ್ರ. ಮೂವರೂ ಸರಿ, ಮೂವರಿಗೂ ಬೇರೆಯವರ ಬ್ಯಾಟರಿಯ ಮೇಲೆ ಕಣ್ಣು. ಕೂಡುಕುಟುಂಬದಲ್ಲಿ ಜಗಳಕ್ಕೆ ತಪ್ಪು ಮಾಡುವವರು ಬೇಕೇ ಬೇಕೆಂದೇನಿಲ್ಲ.

ಮಾವನವರಿಗೆ ನಂಬಿಕೆ ಬರಲಿ ಎಂದು ಈ ಬ್ಯಾಟರಿಯ ಹಿರಿಯರ ಕಥೆ ಹೇಳಿದೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೋಬಾಲ್ಟ್ ಆಕ್ಸೈಡ್ ಬಳಸಿ ಇದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಜಾನ್ ಗುಡೆನಫ್ ಮುಖ್ಯರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಜೊತೆ ಗುಡೆನಫ್‌ಗೆ ನೊಬೆಲ್ ಬಂದಾಗ ಅವರಿಗೆ 97 ವರ್ಷ. ತೀರಿಕೊಂಡದ್ದು 2023ರಲ್ಲಿ, ನೂರು ದಾಟಿದ ಮೇಲೆ. ಮಾವನವರು ಪೂರ್ತಿ ಕೇಳಿಸಿಕೊಂಡರು.

“ಮತ್ತೆ ಅವರನ್ನ ಎಂಬತ್ತಕ್ಕೇ ಸಾಕು ಅಂತ ಯಾರೂ ನಿಲ್ಲಿಸಲಿಲ್ವಲ್ಲ?”

ಇದಕ್ಕೆ ಟಿಎಲ್‌ಪಿಯ ಕೈಪಿಡಿಯಲ್ಲಿ ಉತ್ತರವಿಲ್ಲ.

ಆದರೂ ಮಾವನವರನ್ನು ಕುತೂಹಲ ಬಿಡಲಿಲ್ಲ. ಡಿಪೋದ ಅಭ್ಯಾಸ; ಒಂದು ಹಳೇ ಡೈರಿಗೆ ಸ್ಕೇಲಿನಲ್ಲಿ ಗೆರೆ ಎಳೆದು ರೀಡಿಂಗ್ ಬರೆಯತೊಡಗಿದರು. ಬೆಳಿಗ್ಗೆ ಕಾಫಿಯಾದ ಮೇಲೆ “ಕ್ಯಾಟ್ ಹೊಡಿಯಮ್ಮ” ಎನ್ನುತ್ತಾರೆ, ನಾನು ಓದುತ್ತೇನೆ, ಅವರು ತಾರೀಖಿನ ಮುಂದೆ ಶೇಕಡಾವಾರು, ವೋಲ್ಟ್, ಷರಾ ಬರೆಯುತ್ತಾರೆ. ಷರಾ ಕಾಲಮ್ಮಿನಲ್ಲಿ ದಿನವೂ ಒಂದೇ ಆಕ್ಷೇಪಣೆ: ‘ಚಾರ್ಜ್ ಪೂರ್ತಿ ಮಾಡಿರುವುದಿಲ್ಲ.’ ಕೆಳಗೆ ಸಹಿ.

ಎಂಬತ್ತು ತುಂಬಿ ಕೆಲವು ತಿಂಗಳಿಗೆ ಅವರ ಸಹಸ್ರಚಂದ್ರದರ್ಶನ ಶಾಂತಿ ಬಂತು. ಛತ್ರದಲ್ಲಿ ಹಳೇ ಫೋಟೋಗಳನ್ನೆಲ್ಲ ಪರದೆಯ ಮೇಲೆ ತೋರಿಸಬೇಕೆಂದು ಮೊಮ್ಮಕ್ಕಳ ಹಟ. ಛತ್ರದ ಕರೆಂಟನ್ನು ನಂಬುವವರುಂಟೇ? ಹಿಂದಿನ ರಾತ್ರಿ ‘ಸುಡೋ ಟಿಎಲ್‌ಪಿ ಫುಲ್‌ಚಾರ್ಜ್’ ಎಂದು ಟೈಪ್ ಮಾಡಿದೆ. ಪ್ರಯಾಣದಂಥ ಹೊತ್ತಿನಲ್ಲಿ ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸುವ ಆಜ್ಞೆ ಅದು. ಮಾವನವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಎಂಬತ್ತೊಂದು ಬಂತು. ಎಂಬತ್ತೆರಡು. ಊಟಕ್ಕೆ ಕರೆದರೆ ಏಳಲಿಲ್ಲ. ಎಂಬತ್ತಾರಕ್ಕೆ ಬಂದಾಗ ಅಡಾಪ್ಟರ್ ಮುಟ್ಟಿ ನೋಡಿ, ಅತ್ತೆಗೆ ಕೇಳುವಷ್ಟು ಜೋರಾಗಿ ಹೇಳಿದರು:

“ನೋಡೇ, ಎಂಬತ್ತು ದಾಟಿ ಆರಾಗಿದೆ, ಒಂಚೂರೂ ಬಿಸಿಯಾಗಿಲ್ಲ. ನಾಳೆ ಹೋಳಿಗೆಗೆ ನನಗೂ ಎಲೆ ಹಾಕ್ಸು, ಮಗಳ ಹತ್ರ ಶುಗರ್ ಗಿಗರ್ ಅಂತ ಹೇಳ್ಬೇಡ.”