ಊರಿಗೆ ಹೋಗಿ ತಿಳಿಸ್ತೀವಿ

ಇಂಗ್ಲಿಷಿನಲ್ಲಿ ನನಗೆ ತುಂಬ ಬಳಕೆಯಾದ ಪದ ಯಾವುದೆಂದರೆ ‘ಅನ್‌ಫಾರ್ಚುನೇಟ್ಲಿ’. ಎಂಜಿನಿಯರಿಂಗ್ ಮುಗಿಸಿದ 13 ತಿಂಗಳಲ್ಲಿ ಅದು 41 ಸಲ ನನ್ನ ಇನ್‌ಬಾಕ್ಸಿಗೆ ಬಂದು ಹೋಗಿದೆ. ಕಂಪನಿಗಳ ಪತ್ರವನ್ನು ಈಗ ನಾನು ಪೂರ್ತಿ ಓದುವುದಿಲ್ಲ. ಮೊದಲ ಸಾಲಿನಲ್ಲಿ ಧನ್ಯವಾದ, ಎರಡನೆಯದರಲ್ಲಿ ಹೊಗಳಿಕೆ, ಮೂರನೆಯದರ ಹೊಸಿಲಲ್ಲಿ ಸಾಲಗಾರನ ಹಾಗೆ ಆ ಪದ. ಹೊಗಳಿಕೆ ಉದ್ದವಾದಷ್ಟೂ ನನ್ನ ಎದೆ ಕುಸಿಯುತ್ತದೆ.

ಮೊದಲ ಪತ್ರ ಬಂದಾಗ ನಾನು ವಿಜಯನಗರದ ಅತ್ತೆ ಮನೆಯಲ್ಲಿದ್ದೆ. ಅರಸೀಕೆರೆಯಿಂದ ‘ಒಂದೆರಡು ವಾರದ ಮಟ್ಟಿಗೆ’ ಬಂದವನು. ಈಗಲೂ ಅಲ್ಲೇ ಇದ್ದೇನೆ. ಅಡುಗೆಮನೆಯಿಂದ ಅತ್ತೆ, “ಏನಂತೋ ಪುಟ್ಟಾ?” ಎಂದರು. ನಾನು ಸಾಲುಸಾಲಾಗಿ ಕನ್ನಡಕ್ಕಿಳಿಸಿ ಓದಿದೆ: ನಿಮ್ಮ ಆಸಕ್ತಿಗೆ ವಂದನೆಗಳು, ನಿಮ್ಮ ಅರ್ಹತೆ ನಮಗೆ ಬಹಳ ಮೆಚ್ಚುಗೆಯಾಯಿತು, ದುರದೃಷ್ಟವಶಾತ್...

“ಊರಿಗೆ ಹೋಗಿ ಕಾಗದ ಬರೀತೀವಿ ಅಂತ ತಾನೆ?” ಅಂದರು ಅತ್ತೆ.

ಇಷ್ಟು ಚೊಕ್ಕ ಅನುವಾದವನ್ನು ನಾನು ಕೇಳಿರಲಿಲ್ಲ. ಕೇಳಿದರೆ, ಅತ್ತೆಗೆ ಈ ಕ್ಷೇತ್ರದಲ್ಲಿ ಹಳೆಯ ಅನುಭವ. ಎಂಬತ್ತರ ದಶಕದಲ್ಲಿ ಅವರನ್ನು ನೋಡಲು ಹನ್ನೊಂದು ಗಂಡಿನ ಕಡೆಯವರು ಬಂದು, ಉಪ್ಪಿಟ್ಟು, ಕೇಸರಿಭಾತು ತಿಂದು, ಕಾಗದ ಬರೆಯುವುದಾಗಿ ಹೇಳಿ ಹೋಗಿದ್ದರಂತೆ. ಅರಸೀಕೆರೆಯ ಪೋಸ್ಟ್‌ಮ್ಯಾನ್ ಸವೆಸಿದ ಚಪ್ಪಲಿಯಲ್ಲಿ ಆ ಕಾಗದಗಳ ಪಾಲು ಏನೇನೂ ಇರಲಿಲ್ಲ.

ಅಂದಿನಿಂದ ಪ್ರತಿ ಸಂದರ್ಶನದ ವರದಿಯೂ ಅತ್ತೆಯ ಮುಂದೆ. “ನಿಮ್ಮ ಬಗ್ಗೆ ಹೇಳಿ ಅಂದ್ರು” ಎಂದರೆ, “ನಂಗೆ ದೇವರನಾಮ ಹಾಡು ಅಂತಿದ್ರು” ಎನ್ನುತ್ತಾರೆ. “ಐದು ವರ್ಷ ಆದ್ಮೇಲೆ ಎಲ್ಲಿರ್ತೀಯ ಅಂದ್ರು” ಎಂದರೆ, “ನಂಗೆ ನಾಲ್ಕು ಹೆಜ್ಜೆ ನಡೆದು ತೋರ್ಸು ಅಂದಿದ್ರು.” ಹೊಸಬರೇ ಬೇಕು, ಎರಡು ವರ್ಷದ ಅನುಭವವೂ ಬೇಕು ಎಂಬ ಜಾಹೀರಾತಿಗಂತೂ ಅವರು ಬೆರಗಾಗಲೇ ಇಲ್ಲ. “ಹುಡುಗಿಗೆ ಇಪ್ಪತ್ತು ದಾಟಿರಬಾರದು, ಹತ್ತು ಜನರ ಅಡುಗೆ ಒಬ್ಬಳೇ ಮಾಡಬೇಕು ಅಂತಿದ್ರು ಕಣೋ.”

ಅತ್ತೆಯ ಬಳಿ ಒಂದು ಸಿದ್ಧಾಂತವೂ ಇತ್ತು. “ಎರಡನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡವರು ಯಾವತ್ತೂ ಒಪ್ಪಲ್ಲ. ಒಪ್ಪೋರಿಗೆ ಗಂಟಲಲ್ಲಿ ಇಳಿಯೋದೇ ಇಲ್ಲ.”

ಪೇಪರಿನ ಹಿಂದಿನಿಂದ ಮಾವನ ದನಿ ಬಂತು: “ಹನ್ನೆರಡನೆಯವನು ನಾನು. ಅವತ್ತು ಮುಟ್ಟಲಿಲ್ಲ. ನಲವತ್ತು ವರ್ಷದಿಂದ ತಿಂತಾ ಇದೀನಿ.”

ಒಂದೆರಡು ವಿಷಯದಲ್ಲಿ ಮಾತ್ರ ಅತ್ತೆಯ ಕಾಲವೇ ವಾಸಿ. ಅವರಿಗೆ ಮನುಷ್ಯರೇ ಬೇಡವೆಂದರು. ನನ್ನ ಬಯೋಡೇಟಾವನ್ನು ಮೊದಲು ಓದುವುದು ಸಾಫ್ಟ್‌ವೇರ್. ಒಮ್ಮೆ ಅರ್ಜಿ ಹಾಕಿ, ಫ್ಯಾನ್ ಹಾಕಿ ಕೂರುವಷ್ಟರಲ್ಲಿ ನಾಲ್ಕೇ ನಿಮಿಷಕ್ಕೆ ‘ಅನ್‌ಫಾರ್ಚುನೇಟ್ಲಿ’ ಬಂತು. ಮೆಕ್ಯಾನಿಕಲ್ ಓದಿದವನನ್ನು ಮೆಷಿನ್ನೇ ಬೇಡವೆಂದರೆ ಇನ್ಯಾರ ಹತ್ತಿರ ಹೋಗುವುದು? ಜೊತೆಗೆ, ಅಂದು ತಿಂಡಿಯ ಖರ್ಚು ಬೇಡವೆನಿಸಿಕೊಂಡವರ ಮನೆಯದೇ ಆದರೂ, ಅದು ಮನೆಯ ತಿಂಡಿ. ನಾನೋ ನೇರಳೆ ಮೆಟ್ರೊದಲ್ಲಿ ವೈಟ್‌ಫೀಲ್ಡ್‌ವರೆಗೆ ಹೋಗಿ, ಬೇಡವೆನಿಸಿಕೊಂಡು, ದರ್ಶಿನಿಯ ಮುಂದೆ ನಿಂತು ನನ್ನದೇ ದುಡ್ಡಿನಲ್ಲಿ ಚೌಚೌ ಭಾತ್ ತಿಂದು ಬರಬೇಕು.

ಹಾಗೆಂದು ನನ್ನನ್ನು ಯಾರೂ ಆಯ್ಕೆ ಮಾಡಿಲ್ಲ ಎನ್ನುವಂತಿಲ್ಲ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ಸರ್ಕಾರದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದೆ, ಮಂಜೂರಾಯಿತು! ನಾನು ಹಾಕಿದ ಅರ್ಜಿಗಳಲ್ಲಿ ಗೆದ್ದದ್ದು, ನಾನು ನಿರುದ್ಯೋಗಿ ಎಂದು ಹಾಕಿದ್ದೊಂದೇ. ಆ ಹುದ್ದೆಗೆ ನನ್ನ ಅನುಭವವೂ ಸಾಕಾಗಿತ್ತು. ಅತ್ತೆ ಶಾವಿಗೆ ಪಾಯಸ ಮಾಡಿದರು.

ನಲವತ್ತೊಂದನೆಯ ಪತ್ರ ಬಂದ ರಾತ್ರಿ ಮಾತ್ರ ನನಗೆ ನಗು ಬರಲಿಲ್ಲ. ನಾಲ್ಕು ಸುತ್ತು ದಾಟಿದ್ದೆ. “ಕಾರಣನಾದ್ರೂ ಹೇಳಬಾರದಾ ಅತ್ತೆ? ಎಲ್ಲಿ ಎಡವಿದೆ ಅಂತ ತಿದ್ಕೋತಿದ್ದೆ” ಅಂದೆ.

ಅತ್ತೆ ತೊಗರಿಬೇಳೆ ಆರಿಸುತ್ತಿದ್ದವರು ಮೊರ ಪಕ್ಕಕ್ಕಿಟ್ಟರು. “ನಿನ್ನ ಚಿಕ್ಕಪ್ಪನಿಗೆ ಅಂತ ಕಡೂರಿಗೆ ಹೆಣ್ಣು ನೋಡಕ್ಕೆ ಹೋಗಿದ್ವಲ್ಲ, ನೆನಪಿದ್ಯಾ?”

ನೆನಪಿತ್ತು. ನನಗಾಗ ಎಂಟು ವರ್ಷ. ಆ ಹುಡುಗಿ ನನ್ನ ತಟ್ಟೆಗೆ ಮೂರು ಸಲ ಕೇಸರಿಭಾತು ಹಾಕಿ, ದ್ರಾಕ್ಷಿಯನ್ನೆಲ್ಲ ಹುಡುಕಿ ನನ್ನ ಕಡೆಗೇ ಬಡಿಸಿದ್ದಳು. ಕಾಲ ಬದಲಾಗಿತ್ತು, ನಮ್ಮವರು “ಊರಿಗೆ ಹೋಗಿ ಫೋನ್ ಮಾಡ್ತೀವಿ” ಎಂದು ಎದ್ದಿದ್ದರು.

“ಫೋನ್ ಮಾಡಬೇಕಾಗಿದ್ದೋಳು ನಾನೇ ಕಣೋ” ಅಂದರು ಅತ್ತೆ. “ಹನ್ನೊಂದು ಸಲ ಕಾದು ಕೂತಿದ್ದೋಳು, ನಾನೇ ಮಾಡಲಿಲ್ಲ. ಏನಂತ ಹೇಳ್ಲಿ? ಹುಡುಗಿ ಲಕ್ಷಣವಾಗಿದ್ಲು, ಮನೆ ಚೆನ್ನಾಗಿತ್ತು. ಅಷ್ಟರಲ್ಲಿ ಬಾಣಾವರದ ಸಂಬಂಧ ಗೊತ್ತಾಗಿತ್ತು, ಅಷ್ಟೇ. ಕಾರಣ ಅಂತ ಇದ್ದಿದ್ರೆ ಹೇಳ್ತಿದ್ದೆ.”

ಮಾವನ ಪೇಪರು ಸ್ವಲ್ಪ ಹೊತ್ತು ಮಗುಚಲಿಲ್ಲ. ಕಡೂರಿನ ಆ ಹುಡುಗಿ ಎಷ್ಟು ದಿನ ಕನ್ನಡಿ ಮುಂದೆ ನಿಂತು ತನ್ನ ಮೂಗನ್ನೋ ಬಣ್ಣವನ್ನೋ ಬೈದುಕೊಂಡಳೋ. ಅವಳ ಕೇಸರಿಭಾತಿನಲ್ಲಂತೂ ಏನೂ ಕೊರತೆ ಇರಲಿಲ್ಲ. ಅದಕ್ಕೆ ಮೂರು ತಟ್ಟೆಯ ಸಾಕ್ಷಿ ನಾನು.

ಆ ರಾತ್ರಿ ಬಯೋಡೇಟಾವನ್ನು ತಿದ್ದದೆ ಮಲಗಿದೆ.

ನಲವತ್ತೆರಡನೆಯ ಕರೆ ಬೊಮ್ಮಸಂದ್ರದ ಒಂದು ಕಾರ್ಖಾನೆಯಿಂದ. ಹಳದಿ ಮೆಟ್ರೊ ಆಗಷ್ಟೇ, 2025ರ ಆಗಸ್ಟ್‌ನಲ್ಲಿ ಶುರುವಾಗಿತ್ತು. ಈ ಮಾರ್ಗದ ಮೇಲೆ ನನಗೆ ಮೊದಲಿಂದಲೂ ದಾಯಾದಿ ಪ್ರೀತಿ. ಹಳಿ ಹಾಸಿ, ನಿಲ್ದಾಣ ಕಟ್ಟಿ ಎಷ್ಟೋ ಕಾಲವಾದರೂ ರೈಲೇ ಬಂದಿರಲಿಲ್ಲ. ಡಿಗ್ರಿ, ಇಸ್ತ್ರಿ ಮಾಡಿದ ಅಂಗಿ, ಫೈಲು ಎಲ್ಲ ಇದ್ದೂ ಕೂತ ನನ್ನ ಹಾಗೆ. ಕೊನೆಗೆ ಮೂರೇ ಮೂರು ರೈಲಿನಲ್ಲಿ, 25 ನಿಮಿಷಕ್ಕೊಂದರಂತೆ ಹೊರಟೇಬಿಟ್ಟಿತು. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಒಂದು ರೈಲು ಕಣ್ಣೆದುರೇ ಹೊರಟಿತು. ಇಪ್ಪತ್ತೈದು ನಿಮಿಷ ಕಾಯುವುದು ನನಗೆ ಯಾವ ಲೆಕ್ಕ?

ಸಂಜೆ ಮನೆಗೆ ಬಂದೆ. ಅತ್ತೆ ಬಾಣಲೆಯಲ್ಲಿ ರವೆ ಹುರಿಯುತ್ತಿದ್ದರು.

“ಏನಂದ್ರೋ?”

“ತಿಳಿಸ್ತೀವಿ ಅಂದ್ರು.”

“ಅದಿರ್ಲಿ. ಅವರ ಮುಂದೆ ತಿನ್ನೋಕೆ ಏನಾದ್ರೂ ಇಟ್ಟಿದ್ರಾ?”

ನೆನಪು ಮಾಡಿಕೊಂಡೆ. ಮೂವರ ಮುಂದೆಯೂ ಚಹಾ, ಬಿಸ್ಕತ್ತು ಇತ್ತು. ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಚಹಾ ಕೆನೆಗಟ್ಟಿತ್ತು. ಬಿಸ್ಕತ್ತು ಇಟ್ಟಲ್ಲೇ ಇತ್ತು.

“ಯಾರೂ ಮುಟ್ಟಲಿಲ್ಲ ಅತ್ತೆ.”

ಪೇಪರು ಸರಕ್ಕನೆ ಕೆಳಗಿಳಿದು ಮಾವನ ಮುಖ ಕಾಣಿಸಿತು. ಅತ್ತೆಯ ಸೌಟು ಬಾಣಲೆಯಲ್ಲೇ ನಿಂತಿತು.

“ಫೋನ್ ಚಾರ್ಜಿಗೆ ಹಾಕೋ” ಅಂದರು.