ಐವತ್ತು ಅಡುಗೆಮನೆಯ ಊರಲ್ಲಿ ಅತ್ತೆ

ಅತ್ತೆ ಅಯೋವಾಕ್ಕೆ ಬಂದು ಮೂರು ತಿಂಗಳಾಗಿತ್ತು. ಮುಸುಕಿನ ಜೋಳದ ಹೊಲ ತೋರಿಸಿ ಮುಗಿದಿತ್ತು. ಅದು ಬಿಟ್ಟರೆ ಇಲ್ಲಿ ತೋರಿಸಲು ಉಳಿಯುವುದು ಸೋಯಾ ಹೊಲ. ಹಾಗಾಗಿ ಅಕ್ಟೋಬರಿನ ಒಂದು ಶನಿವಾರ, ಮನೆಯಿಂದ ಅರ್ಧ ಗಂಟೆ ದೂರದ ಅಮಾನಾಕ್ಕೆ ಅಕ್ಟೋಬರ್‌ಫೆಸ್ಟ್ ನೋಡಲು ಹೊರಟೆವು.

“ಯಾವ ದೇವರ ಹಬ್ಬ?” ಎಂದರು ಅತ್ತೆ.

ಬಿಯರಿನದ್ದು ಅನ್ನುವ ಧೈರ್ಯ ಇವರಿಗಿರಲಿಲ್ಲ. “ಸುಗ್ಗಿ ಹಬ್ಬ ಅಮ್ಮ” ಎಂದರು. ಅಲ್ಲಿ ಹೋಗಿ ನೋಡಿದರೆ ಪೀಪಾಯಿಗೆ ನಲ್ಲಿ ಬಡಿದು ಉದ್ಘಾಟನೆ. ನೊರೆ ಚಿಮ್ಮಿತು, ಜನ ಚಪ್ಪಾಳೆ ತಟ್ಟಿದರು. “ನಮ್ಮಲ್ಲಿ ದೀಪ ಹಚ್ಚಲ್ವಾ, ಹಾಗೆ” ಎಂದರು ಇವರು. ಅತ್ತೆ ಮೂಗಿಗೆ ಸೆರಗು ಹಿಡಿದು, “ದೀಪ ಇಷ್ಟು ನಾರಲ್ಲ ಕಣೋ” ಎಂದರು.

ಅಂಗಡಿಗಳ ಮುಂದೆಲ್ಲ ಕುಂಬಳಕಾಯಿ ರಾಶಿ. ಮಗಳು ತನ್ನ ಹೊಟ್ಟೆಗಿಂತ ದಪ್ಪದ್ದೊಂದನ್ನು ತಬ್ಬಿಕೊಂಡು ಬಂದು, ಹ್ಯಾಲೋವೀನಿಗೆ ತಾನೇ ಕಣ್ಣು ಮೂಗು ಕೊರೆಯುತ್ತೇನೆ ಎಂದಳು. ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಕತ್ತಿ ಹಾಕಬಾರದು ಎಂದರು ಅತ್ತೆ. ಅಜ್ಜಿ ಮೊಮ್ಮಗಳ ನಡುವೆ ಸಂಧಾನವಾಗಿ, ಮೊದಲ ಕಣ್ಣು ಅಪ್ಪ ಕೊರೆಯುವುದು, ತಿರುಳು ಹುಳಿಗೆ ಹೋಗುವುದು ಎಂದಾಯಿತು.

ಅಮಾನಾ ಅಂದರೆ ಒಂದೂರಲ್ಲ, ಏಳು ಹಳ್ಳಿ. ಜರ್ಮನಿಯಲ್ಲಿ 1714ರಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು, ಬಫಲೋ ಹತ್ತಿರ ಕೆಲವು ವರ್ಷ ಇದ್ದು, 1855ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಹೊಲ, ಗಿರಣಿ, ಮನೆ ಎಲ್ಲ ಸಂಘದ್ದು. ವಾರಕ್ಕೆ 11 ಸಲ ಪ್ರಾರ್ಥನೆ. ಯಾರ ಮನೆಯಲ್ಲೂ ಅಡುಗೆಮನೆ ಇರಲಿಲ್ಲ; ಏಳೂ ಹಳ್ಳಿಗೆ ಸೇರಿ 50ಕ್ಕೂ ಹೆಚ್ಚು ಸಾಮೂಹಿಕ ಅಡುಗೆಮನೆ, ಒಂದೊಂದರಲ್ಲೂ 30–40 ಎಲೆ. ಅಂಥದ್ದೊಂದನ್ನು ಮಿಡಲ್ ಅಮಾನಾದಲ್ಲಿ ಮ್ಯೂಸಿಯಂ ಮಾಡಿ ಹಾಗೇ ಉಳಿಸಿದ್ದಾರೆ.

ಅತ್ತೆ ಅಲ್ಲಿ ಕಾಲಿಟ್ಟವರೇ ಹತ್ತು ವರ್ಷ ಚಿಕ್ಕವರಾದರು. ಅರಕಲಗೂಡಿನ ಇಪ್ಪತ್ತೆರಡು ಜನರ ಮನೆಗೆ ಕಿರಿ ಸೊಸೆಯಾಗಿ ಬಂದವರು ಅವರು. ಉದ್ದನೆಯ ಇಟ್ಟಿಗೆ ಒಲೆಯೊಳಗೆ ಬಗ್ಗಿ ನೋಡಿ, ಬೂದಿ ತೆಗೆಯುವ ಸರದಿ ಯಾರದ್ದು ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ಅಡುಗೆಯ ಯಜಮಾನಿಗೆ ಇಲ್ಲಿ ‘ಕ್ಯೂಖೆಬಾಸ್’ ಅನ್ನುತ್ತಿದ್ದರು ಎಂದಳು ಗೈಡ್. “ನಮ್ಮಲ್ಲೂ ಇದ್ದರು, ದೊಡ್ಡತ್ತೆ. ಬಾಸ್ ಅಂತ ಕರೀತಿರಲಿಲ್ಲ, ಅಷ್ಟೇ.”

ದಿನಕ್ಕೆ ಐದು ಹೊತ್ತು ಬಡಿಸುತ್ತಿದ್ದರು ಎಂದಾಗ ಮಾತ್ರ ಅತ್ತೆಗೆ ಗಾಬರಿ. “ಅಯ್ಯೋ, ತಲೆ ಬಾಚ್ಕೊಳ್ತಿದ್ದದ್ದು ಯಾವಾಗಂತೆ?” ಗಂಡಸರ ಮೇಜು ಬೇರೆ, ಹೆಂಗಸರದ್ದು ಬೇರೆ, ಊಟದಲ್ಲಿ ಮಾತಾಡುವಂತಿಲ್ಲ. “ಮಾತಿಲ್ದೆ ಇದ್ದದ್ದಕ್ಕೇ ಇಷ್ಟು ವರ್ಷ ಬಾಳಿದೆ” ಎಂದರು.

ಬಾಳಿದ್ದು 77 ವರ್ಷ. 1932ರಲ್ಲಿ ಮತ ಹಾಕಿ ಎಲ್ಲ ಹಂಚಿಕೊಂಡರು. ಅದಕ್ಕೆ ‘ಮಹಾ ಬದಲಾವಣೆ’ ಎಂದು ಹೆಸರು. ನಾನು ಅತ್ತೆಗೆ ಒಂದೇ ಮಾತಲ್ಲಿ “ಪಾಲಾಯ್ತಂತೆ” ಎಂದೆ. ಗೈಡ್ ಕಾರಣ ವಿವರಿಸಿದಳು: 1923ರಲ್ಲಿ ಗಿರಣಿಗಳಿಗೆ ಬಿದ್ದ ಬೆಂಕಿ, ಆಮೇಲಿನ ಆರ್ಥಿಕ ಮುಗ್ಗಟ್ಟು, ಸ್ವಂತಕ್ಕೆ ಬದುಕಬೇಕೆಂಬ ಹುಡುಗರ ಆಸೆ. ಅತ್ತೆ ಎಲ್ಲ ಕೇಳಿಸಿಕೊಂಡು, “ಅದೆಲ್ಲ ಆಮೇಲೆ. ಊಟ ಮನೆಗೆ ತಗೊಂಡು ಹೋಗ್ತಿದ್ರಾ ಕೇಳು” ಎಂದರು.

ಕೇಳಿದೆ. ಗೈಡ್ ಬೆರಗಾಗಿ ಅತ್ತೆಯನ್ನೇ ನೋಡಿದಳು. ಹೌದಂತೆ, ಕೊನೆಕೊನೆಗೆ ಎಷ್ಟೋ ಮನೆಯವರು ಬುಟ್ಟಿಯಲ್ಲಿ ಊಟ ಒಯ್ದು ಮನೆಯಲ್ಲೇ ಉಣ್ಣುತ್ತಿದ್ದರಂತೆ.

“ನೋಡಿದ್ಯಾ! ನನ್ನ ವಾರಗಿತ್ತಿ ತಟ್ಟೆ ತಗೊಂಡು ರೂಮಿಗೆ ಹೋದ ದಿನವೇ ನಾನು ನಿಮ್ಮ ಮಾವಂಗೆ ಹೇಳಿದ್ದೆ.”

ಮಧ್ಯಾಹ್ನ ಊಟಕ್ಕೆ ಕೂತ ಹೋಟೆಲಿನಲ್ಲಿ ಹಳೆಯ ಪದ್ಧತಿಯ ನೆನಪಿಗೆ ಬೋಗುಣಿಗಳು ಮೇಜಿನ ಮೇಲೆ ಕೈಯಿಂದ ಕೈಗೆ ಹೋಗುತ್ತವೆ. “ಬಡಿಸೋರು ಯಾರೂ ಇಲ್ವೇನೆ?” ಎಂದು ಅತ್ತೆ ಬಲಗೈ ಎಂಜಲೆಂದು ಎಡಗೈಯಲ್ಲಿ ಸೌಟು ಹಿಡಿದು ಎಲ್ಲರಿಗೂ ಬಡಿಸತೊಡಗಿದರು. ಹುಳಿ ಬರಿಸಿದ ಎಲೆಕೋಸು ಮೂಸಿ, “ಒಗ್ಗರಣೆ ಮರೆತಿದ್ದಾರೆ” ಎಂದು ಕ್ಷಮಿಸಿದರು. ಮಿಕ್ಕಿದ್ದನ್ನು ನಾಲ್ಕು ಡಬ್ಬಿಗೆ ಕಟ್ಟಿಸಿಕೊಂಡೆವು.

ವಾಪಸು ಬರುವಾಗ ಇವರು ತಮ್ಮ ಜ್ಞಾನ ಹೊರತೆಗೆದರು. ಪಾಲಾದ ಎರಡು ವರ್ಷಕ್ಕೆ ಅಲ್ಲೇ ಫ್ರಿಜ್ ಕಂಪನಿಯೊಂದು ಶುರುವಾಗಿ, 1967ರಲ್ಲಿ ಅದೇ ಅಮಾನಾ ಕಂಪನಿ 495 ಡಾಲರಿಗೆ ಅಡುಗೆಮನೆ ಕಟ್ಟೆಯ ಮೇಲೆ ಇಡುವಂಥ ಮೈಕ್ರೋವೇವ್ ಮಾರಿತು. ಅತ್ತೆ ಕಿಟಕಿಯಾಚೆ ನೋಡುತ್ತಾ, “ಒಟ್ಟಿಗೆ ಉಂಡ ಸಿಟ್ಟು ಎಷ್ಟಿತ್ತೋ!” ಎಂದರು.

ರಾತ್ರಿ ಏಳಕ್ಕೆ ಮಗಳ ಡಬ್ಬಿ ‘ಪೀಂ’ ಎಂದಿತು. ಏಳೂವರೆಗೆ ನನ್ನದು. ಇವರದ್ದು ಫೋನಿನ ಮಾತು ಮುಗಿದ ಮೇಲೆ. ಎಂಟೂಮುಕ್ಕಾಲಿಗೆ ಮತ್ತೊಂದು ‘ಪೀಂ’ ಕೇಳಿ ಇಣುಕಿದರೆ, ಅತ್ತೆ ಒಂದು ಕೈಯಲ್ಲಿ ಬಿಸಿ ಡಬ್ಬಿ, ಇನ್ನೊಂದರಲ್ಲಿ ಟ್ಯಾಬ್ ಹಿಡಿದು ತಮ್ಮ ರೂಮಿನ ಬಾಗಿಲನ್ನು ಕಾಲಲ್ಲೇ ತಳ್ಳುತ್ತಿದ್ದರು.

“ಧಾರಾವಾಹಿ ಕಣೆ,” ಎಂದರು, “ಇವತ್ತು ಆ ಮನೆ ಪಾಲಾಗತ್ತೆ.”