ತಗದು ಹಚ್ರಿ

ಬನಹಟ್ಟಿ ಪೇಟೆಯಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ. ‘ನೆಟ್ಟಿನ ಸರ’ ಅಂದರೆ ಸಾಕು, ನಾನು ಯಾವ ಅಂಗಡಿಯ ಮೇಜಿನ ಕೆಳಗೆ ಹೊಕ್ಕಿದ್ದೇನೆಂದು ಚಾದಂಗಡಿಯ ಹುಡುಗನೂ ಹೇಳುತ್ತಾನೆ. ರಬಕವಿಯ ಸೀರೆ ವ್ಯಾಪಾರಿಗಳು, ಜಮಖಂಡಿಯ ಔಷಧದಂಗಡಿ, ಮುಧೋಳದ ಅಡತಿ ಅಂಗಡಿ, ಬೀಳಗಿಯ ಗೊಬ್ಬರದಂಗಡಿ, ಇವರೆಲ್ಲರ ಕಂಪ್ಯೂಟರು, ಪ್ರಿಂಟರು, ರೌಟರು, ಕ್ಯಾಮೆರಾಗಳ ಯೋಗಕ್ಷೇಮ ನನ್ನದು. ಬೆಂಗಳೂರಿನ ಕಂಪನಿಗಳಲ್ಲಿ ಈ ಕೆಲಸಕ್ಕೆ ಒಂದು ವಿಭಾಗ, ಅದಕ್ಕೊಬ್ಬ ಮುಖ್ಯಸ್ಥ, ಅವನಿಗೊಂದು ತಣ್ಣನೆಯ ಕೋಣೆ ಇರುತ್ತದಂತೆ. ಇಲ್ಲಿ ವಿಭಾಗವೂ ನಾನೇ, ಮುಖ್ಯಸ್ಥನೂ ನಾನೇ. ತಣ್ಣನೆಯ ಕೋಣೆಯೊಂದು ಬಾಕಿ.

ನನ್ನ ವಿದ್ಯೆಯ ಮುಕ್ಕಾಲು ಪಾಲು ಫೋನಿನಲ್ಲೇ ಮುಗಿಯುತ್ತದೆ.

“ಸರ, ನೆಟ್ ಬರವಲ್ದರಿ.”

“ರೌಟರ್ ತಗದು ಹಚ್ರಿ.”

“ಹಚ್ಚೇನ್ರಿ.”

“ಇನ್ನೊಮ್ಮೆ ತಗದು ಹಚ್ರಿ. ತಗದಮ್ಯಾಲೆ ಒಂದು ಚಾ ಕುಡೀರಿ, ಆಮ್ಯಾಲೆ ಹಚ್ರಿ.”

ಚಾ ಕುಡಿಯಿರಿ ಎಂಬುದು ಉಪಚಾರದ ಮಾತಲ್ಲ, ತಂತ್ರಜ್ಞಾನ. ರೌಟರೂ ಒಂದು ಸಣ್ಣ ಕಂಪ್ಯೂಟರೇ. ತಿಂಗಳುಗಟ್ಟಲೆ ಹಗಲೂ ರಾತ್ರಿ ಉರಿದು ಅದರ ತಲೆಯಲ್ಲಿ ಬೇಡದ್ದೆಲ್ಲ ತುಂಬಿಕೊಳ್ಳುತ್ತದೆ. ಕರೆಂಟು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಮರೆತು ಹೊಸದಾಗಿ ಶುರು ಮಾಡುತ್ತದೆ. ಸಾವಕಾರ್ರು ಮಾತ್ರ ಒಪ್ಪುವುದಿಲ್ಲ. “ಇಷ್ಟಕ್ಕ ನಿಮಗ ರೊಕ್ಕ ಕೊಡಬೇಕೇನ್ರಿ?” ಎನ್ನುತ್ತಾರೆ. ಹೀಗಾಗಿ ಫೋನಿನಲ್ಲಿ ಸರಿಮಾಡಿದ್ದಕ್ಕೆ ಬಿಲ್ಲಿಲ್ಲ. ಬೈಕು ಹತ್ತಿ ಹೋಗಿ, ಬೆವರು ಸುರಿಸಿ ಅದನ್ನೇ ಮಾಡಿದರೆ ಉಂಟು. ಅದೂ ಉದ್ರಿ.

ಮೊದಲು ನೆಟ್ ಹೋದರೆ ಯಾರೂ ಇಷ್ಟು ಗಾಬರಿಯಾಗುತ್ತಿರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲು ಜಾರಿ ಮಾಡಿದ ಕೀರ್ತಿ ನಮ್ಮ ಕರ್ನಾಟಕದ್ದೇ. 50,000 ರೂಪಾಯಿ ಮೀರಿದ ಮಾಲು ಬಿಲ್ಲಿಲ್ಲದೆ ಹೊರಡುವಂತಿಲ್ಲ. ಸೀರೆಯ ಗಂಟು ಏರಿಸಿಕೊಂಡ ಟೆಂಪೊ ಬಾಗಿಲಲ್ಲಿ ಎಂಜಿನ್ ಚಾಲೂ ಇಟ್ಟು ನಿಂತಿರುತ್ತದೆ, ಡ್ರೈವರು ಹಾರ್ನ್ ಒತ್ತುತ್ತಾನೆ, ಒಳಗೆ ದಿವಾನಜಿ ಪರದೆಯ ಮೇಲೆ ತಿರುಗುವ ಚಕ್ರವನ್ನೇ ನೋಡುತ್ತ ಕೈಮುಗಿದು ಕೂತಿರುತ್ತಾನೆ. ಮಗ್ಗ ನಿಂತರೆ ವ್ಯಾಪಾರ ನಿಲ್ಲುವ ಕಾಲ ಹೋಯಿತು. ಈಗ ಮಗ್ಗ ನಡೆದರೂ ನೆಟ್ ನಿಂತರೆ ಮಾಲು ಹೊಸ್ತಿಲು ದಾಟದು.

ಹಾಗಂತ ನಮ್ಮ ಜನ ಕೈಕಟ್ಟಿ ಕೂಡುವವರಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರದ ಹಾದಿ ಕಾಯದೆ ತಾವೇ ವಂತಿಗೆ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳಾದ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಯಿತು. ಅಂಥ ಸೀಮೆಯವರು ಇಂಟರ್‌ನೆಟ್ಟಿಗೆ ಕಂಪನಿಯವರ ಹಾದಿ ಕಾಯುತ್ತಾರೆಯೇ? ಕನೆಕ್ಷನ್ನು ಒಂದೇ, ಔಷಧದಂಗಡಿಯಿಂದ ಬಟ್ಟೆ ಅಂಗಡಿಗೆ, ಅಲ್ಲಿಂದ ಮಾಳಿಗೆ ಹತ್ತಿ ಬೀಗರ ಮನೆಗೆ ಕೇಬಲ್ಲು. ವಂತಿಗೆ ಸಮಪಾಲು. ಈ ತಾಮ್ರದ ಕೇಬಲ್ಲನ್ನು 100 ಮೀಟರಿಗಿಂತ ದೂರ ಎಳೆಯಬಾರದೆಂಬುದು ನಿಯಮ. ಬೀಗರ ಮನೆ ಅದರಾಚೆ ಇದ್ದರೆ ನಿಯಮಕ್ಕಿಂತ ಬೀಗತನ ದೊಡ್ಡದು.

ರಬಕವಿಯ ಒಂದು ಮಗ್ಗದ ಶೆಡ್ಡಿನಲ್ಲಿ ನೆಟ್ಟಿಗೆ ವಿಚಿತ್ರ ಕಾಯಿಲೆ ಬಡಿದಿತ್ತು. ಹಗಲೆಲ್ಲ ಸತ್ತಂತೆ ಬಿದ್ದಿರುತ್ತಿತ್ತು. ಕರೆಂಟು ಹೋಗಿ ಮಗ್ಗಗಳು ನಿಂತು, ಯುಪಿಎಸ್ ಮೇಲೆ ಕಂಪ್ಯೂಟರು ನಡೆಯುವಾಗ ಮಾತ್ರ ಚುರುಕು. “ಮಗ್ಗಕ್ಕೂ ನೆಟ್ಟಿಗೂ ಜಾತಕ ಕೂಡಿಲ್ರಿ” ಎಂದು ಸಾವಕಾರ್ರು ತೀರ್ಪು ಕೊಟ್ಟಾಗಿತ್ತು. ಗೋಡೆಗುಂಟ ನೋಡುತ್ತ ಹೋದೆ. ಮೊಳೆ ಉಳಿಸಲಿಕ್ಕೆಂದು ನೆಟ್ಟಿನ ಕೇಬಲ್ಲನ್ನು ಮೋಟಾರಿನ ತ್ರೀಫೇಸ್ ವಾಯರಿಗೆ ಸೇರಿಸಿ ಸೀರೆಯ ಅಂಚಿನ ತುಂಡಿನಿಂದ ಬಿಗಿದು ಕಟ್ಟಿದ್ದರು. ತುದಿಯಲ್ಲಿ ಎಳೆಗಳ ಹುರಿ ಗೇಣುದ್ದ ಬಿಚ್ಚಿತ್ತು. ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಪಕ್ಕದ ವಾಯರಿನ ಗದ್ದಲ ಜೋಡಿಯ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ತಾನೇ ವಜಾ ಆಗಲೆಂದು ಒಂದೊಂದು ಜೋಡಿಯನ್ನೂ ಹುರಿ ಮಾಡಿರುತ್ತಾರೆ. ಹುರಿ ಬಿಚ್ಚಿ, ಮೇಲೆ ಮೋಟಾರಿನ ಸಹವಾಸವನ್ನೂ ಮಾಡಿಸಿದರೆ ನೆಟ್ ಕೆಡದೆ ಏನಾದೀತು?

ಹೊಸ ಪಿನ್ ಹಾಕಲು ಕೂತೆ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಈ ಸರದಿ ತಪ್ಪಬಾರದು. ಗಾಳಿಯಲ್ಲಿ ಹಾರುವ ನೂಲಿನ ಧೂಳು ಕನ್ನಡಕಕ್ಕೆ ಕೂತು ನೀಲಿ ಹಸಿರು ಒಂದೇ ಆಗಿ ಕಾಣುತ್ತಿದ್ದವು. ನೋಡುತ್ತ ನಿಂತಿದ್ದ ನೇಕಾರನೊಬ್ಬ “ಕೊಡ್ರಿಲ್ಲೆ” ಎಂದು ಇಸಿದುಕೊಂಡು, ಎಂಟೂ ಎಳೆಗಳನ್ನು ಹೆಬ್ಬೆರಳಲ್ಲಿ ತೀಡಿ ಸಾಲು ಮಾಡಿ, ಒಂದೇ ಸಲಕ್ಕೆ ಪಿನ್ನಿನೊಳಗೆ ತೂರಿಸಿಬಿಟ್ಟ. “ಹಾಸಿನಾಗ ಇದರಪ್ಪನಂಥಾ ಲೆಕ್ಕ ಇರತೈತ್ರಿ” ಅಂದ. ಕೇಬಲ್ಲನ್ನು ವಾಯರಿನಿಂದ ಒಂದು ಮೊಳ ದೂರ ಸರಿಸಿದ ಮೇಲೆ ಜಾತಕವೂ ಕೂಡಿತು.

ಬೀಳಗಿಯ ಗೊಬ್ಬರದಂಗಡಿಯದು ಬೇರೆ ಪಾಡು. ಸಬ್ಸಿಡಿ ಗೊಬ್ಬರವನ್ನು ಪಿಒಎಸ್ ಯಂತ್ರದ ಮೂಲಕವೇ ಮಾರಬೇಕೆಂಬ ಪದ್ಧತಿ 2018ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಮಳೆ ಬಿದ್ದ ಮರುದಿನ ಯೂರಿಯಾಕ್ಕೆ ಸಾಲು. ಕಬ್ಬು ಕಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದು. “ಇವರ ಅಪ್ಪ ಇದ್ದಾಗಿಂದ ಬರ್ತೀನಿ. ಮಾರಿ ನೋಡಿ ಚೀಲ ಕೊಡತಿದ್ರು. ಈ ಡಬ್ಬಿಗೆ ನಾ ಯಾರಂತ ಗೊತ್ತಿಲ್ಲಂತ!” ಎಂದು ಅಜ್ಜನೊಬ್ಬ ಸಿಡಿಮಿಡಿಗೊಂಡ.

ನನ್ನ ಕಸುಬಿನ ಮೂಲ ತೊಡಕೇ ಅದು. ನಮ್ಮ ಕಡೆ ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ, ನೆಟ್‌ವರ್ಕು ನಡೆಯುವುದು ಸಂಶಯದ ಮೇಲೆ. ಬಾಯಿಮಾತಿಗೆ ಲಕ್ಷದ ಮಾಲು ಕೊಡುವ ಸಾವಕಾರ್ರಿಗೆ ‘ಯಾರನ್ನೂ ನಂಬಬೇಡಿ’ ಎಂದು ಹೇಳುವುದು ಹೇಗೆ? ಬನಹಟ್ಟಿಯಲ್ಲಿ ಪಾಸ್‌ವರ್ಡು ಎಂದರೆ ಕಾಡಸಿದ್ಧೇಶ್ವರನ ಹೆಸರು, ಮುಂದೆ ಒಂದು ಎರಡು ಮೂರು. ಮಹಾಲಿಂಗಪುರಕ್ಕೆ ಹೋದರೆ ಮಹಾಲಿಂಗೇಶ್ವರ; ಅಂಕಿ ಅವೇ. ಊರ ದೇವರು ಗೊತ್ತಿದ್ದವನಿಗೆ ಊರ ವೈಫೈ ಬಿಟ್ಟಿ. ಕಠಿಣವಾದದ್ದೊಂದು ಇಟ್ಟುಕೊಟ್ಟರೆ ಅದನ್ನು ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ, ದಪ್ಪ ಅಕ್ಷರದಲ್ಲಿ ಬರೆದಿಡುತ್ತಾರೆ. ಎದುರು ಗೋಡೆಗೆ ಕಳ್ಳರ ಕಾವಲಿಗೆಂದು ಕ್ಯಾಮೆರಾ. ಅದರ ಕಣ್ಣು ನೇರ ಆ ಕ್ಯಾಲೆಂಡರಿನ ಮೇಲೆ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ಸು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರ್ ಬಿಟ್‌ಕಾಯಿನ್ ಕೇಳಿತು. ಅದರ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಬಿಟ್ಟಿತ್ತು; ಅಪ್‌ಡೇಟ್ ಮಾಡಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮವರು ಅಪ್‌ಡೇಟ್ ಬಂದಾಗಲೆಲ್ಲ ‘ನಾಳೆ’ ಒತ್ತುವವರೇ. ಸುದ್ದಿ ಓದಿದ ದಿವಾನಜಿಯೊಬ್ಬ ಕೇಳಿದ: “ಬಿಟ್‌ಕಾಯಿನ್ ಯಾವ ಬ್ಯಾಂಕಿನ್ಯಾಗ ಸಿಗತಾವ್ರಿ? ಉದ್ರಿ ಕೊಡತಾರೇನು?”

ಬ್ಯಾಕಪ್ ಇದೆಯೇ ಎಂದರೆ ಎಲ್ಲರೂ ತಿಜೋರಿ ತೋರಿಸುತ್ತಾರೆ. ಬೆಳ್ಳಿ ನಾಣ್ಯಗಳ ಜೊತೆ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಒಂದು ಪೆನ್‌ಡ್ರೈವ್. ಒಳಗಿಟ್ಟ ಮೇಲೆ ಅದನ್ನು ತೆರೆದು ನೋಡಿದವರಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದವು. ಕಂಪ್ಯೂಟರಿದ್ದ ಕೋಣೆಯಲ್ಲೇ ತಿಜೋರಿಯಿದ್ದರೆ ನೀರು ಎರಡಕ್ಕೂ ಒಟ್ಟಿಗೇ ಬರುತ್ತದೆ.

ಆದ್ದರಿಂದ ಒಂದು ವಿನಂತಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಈಗ ಕಿರ್ದಿ-ಖತಾವಣಿಯ ಜಾಗದಲ್ಲಿ ಕಂಪ್ಯೂಟರನ್ನೇ ಕೂಡಿಸಿ ಕುಂಕುಮ ಹಚ್ಚುತ್ತೀರಿ. ಹಚ್ಚಿ, ಫ್ಯಾನಿನ ಜಾಳಿಗೆಯ ಮೇಲೆ ಬೇಡ. ಅದಕ್ಕೂ ಮೊದಲು ಲೆಕ್ಕದ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಬೀಗರ ಮನೆಯಲ್ಲಿಡಿ, ಅದು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂದೊಮ್ಮೆ ನೋಡಿ. ದೇವರ ಹೆಸರು ನಾಲಗೆಯ ಮೇಲಿರಲಿ, ಪಾಸ್‌ವರ್ಡಿನಲ್ಲಿ ಬೇಡ. ಇದರಲ್ಲಿ ನನ್ನ ಸ್ವಾರ್ಥವೂ ಉಂಟು: ನನಗೆ ಬರಬೇಕಾದ ಬಾಕಿಯ ಲೆಕ್ಕ ಇರುವುದೂ ನಿಮ್ಮ ಅದೇ ಕಂಪ್ಯೂಟರಿನಲ್ಲಿ.